ಪಿಗ್ಮಿ ಮಷಿನ್‌ಗೆ ಹೊಲಿಸಿದ ಜೇಬು

ನನ್ನ ಚೂಡಿದಾರ್ ಟಾಪ್‌ಗಳಿಗೆಲ್ಲ ಬಲಗಡೆ ಒಂದು ಜೇಬು ಇದೆ. ಅಂಗಡಿಯಲ್ಲಿ ತಗೊಂಡಾಗ ಇದ್ದದ್ದಲ್ಲ, ಆಮೇಲೆ ಹೊಲಿಸಿದ್ದು. ಕೈ ಇಳಿಬಿಟ್ಟರೆ ಬೆರಳು ನೇರ ಅದರೊಳಗೆ ಹೋಗಬೇಕು, ಅಷ್ಟು ಲೆಕ್ಕ ಹಾಕಿ ಹೊಲಿದ ಜೇಬು. ಅದರಲ್ಲಿ ಹನ್ನೆರಡು ವರ್ಷ ಒಂದು ಪುಟ್ಟ ಕಂಪ್ಯೂಟರ್ ಇತ್ತು. ಅದನ್ನು ಯಾರೂ ಕಂಪ್ಯೂಟರ್ ಅಂತ ಕರೆಯಲಿಲ್ಲ. ಪಿಗ್ಮಿ ಮಷಿನ್ ಅಂದರು, ಅಷ್ಟೇ.

ನಾನು ಶಿವಮೊಗ್ಗದಲ್ಲಿ ಒಂದು ಸೊಸೈಟಿಗೆ ಪಿಗ್ಮಿ ಕಲೆಕ್ಷನ್ ಮಾಡುತ್ತೇನೆ, ಅಂದರೆ ದಿನಾ ಅಂಗಡಿ ಅಂಗಡಿಗೆ ಹೋಗಿ ಜನರ ಉಳಿತಾಯದ ದುಡ್ಡು ಕಟ್ಟಿಸಿಕೊಳ್ಳುವುದು. 2006ರಲ್ಲಿ ಶುರು ಮಾಡಿದ್ದು. ಬೆಳಗ್ಗೆ ದುರ್ಗಿಗುಡಿ, ಮಧ್ಯಾಹ್ನ ನೆಹರೂ ರಸ್ತೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಗಾಂಧಿ ಬಜಾರ್. ಗಲ್ಲಾದಲ್ಲಿ ದುಡ್ಡು ಸೇರುವುದೇ ಆ ಹೊತ್ತಿಗೆ. ಮೊದಲ ಮೂರು ವರ್ಷ ಕಾರ್ಬನ್ ಹಾಳೆ ಇಟ್ಟು ರಸೀದಿ ಬರೆಯುತ್ತಿದ್ದೆ. ಒಬ್ಬರಿಗೆ ಎರಡು ನಿಮಿಷ ಹಿಡಿಯುತ್ತಿತ್ತು. ನಿಂತುಕೊಂಡೇ, ಪುಸ್ತಕವನ್ನು ಎಡಗೈ ಮೇಲೆ ಇಟ್ಟು ಬರೆಯಬೇಕು. ರಾತ್ರಿ ಮನೆಗೆ ಬಂದ ಮೇಲೆ ಮಣಿಕಟ್ಟಿಗೆ ಬಿಸಿನೀರು ಹಾಕಿಕೊಳ್ಳುತ್ತಿದ್ದೆ.

2009ರಲ್ಲಿ ಮಷಿನ್ ಬಂತು. ಅಂಗೈ ಮೀರಿ ಸ್ವಲ್ಪ ಉದ್ದ. ಮೇಲೆ ಕಾಗದದ ರೋಲು, ಅದರ ಕೆಳಗೆ ನಾಲ್ಕು ಸಾಲಿನ ಪರದೆ, ಅದರ ಕೆಳಗೆ ರಬ್ಬರ್ ಕೀಗಳು. ಬೆಳಗ್ಗೆ ಸೊಸೈಟಿಗೆ ಹೋಗಿ ಕೇಬಲ್ ಚುಚ್ಚಿದರೆ ನನ್ನ 180 ಜನರ ಖಾತೆ ನಂಬರು, ಹೆಸರು, ಜಮಾ ಎಲ್ಲ ಒಳಗೆ ಬರುತ್ತಿತ್ತು. ಸಂಜೆ ಮತ್ತೆ ಚುಚ್ಚಿದರೆ ಆ ದಿನದ ವಸೂಲಿ ಆಫೀಸಿನ ಕಂಪ್ಯೂಟರಿಗೆ ಹೋಗಿ ಮಷಿನ್ ಖಾಲಿ. ನಡುವಿನ ಇಡೀ ದಿನ ಅದು ಸ್ವತಂತ್ರ. ನೆಟ್‌ವರ್ಕ್ ಬೇಡ, ಸಿಮ್ ಬೇಡ.

ಆ ಕೆಲಸ ಕೈಯಲ್ಲಿ ಹೇಗೆ ಆಗುತ್ತಿತ್ತು ಅಂತ ಹೇಳಬೇಕು. ಖಾತೆ ನಂಬರು 47, ಎಂಟರ್, ರೂಪಾಯಿ 100, ಎಂಟರ್, ಪ್ರಿಂಟ್. ಎಲ್ಲಾ ಬಲಗೈ ಹೆಬ್ಬೆರಳಿನ ಕೆಲಸ. 5ರ ಕೀ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ. ಹೆಬ್ಬೆರಳು ಮೊದಲು ಅದನ್ನು ಹುಡುಕಿಕೊಂಡರೆ ಸಾಕು, ಉಳಿದ ಎಂಟೂ ದಿಕ್ಕು ತಾನಾಗಿ ಗೊತ್ತಾಗುತ್ತದೆ. ಆರು ತಿಂಗಳಾದ ಮೇಲೆ ನಾನು ಪರದೆ ನೋಡುವುದನ್ನೇ ಬಿಟ್ಟೆ. ಎದುರಿಗಿರುವವರ ಮುಖ ನೋಡಿದರೆ ನಂಬರು ಬರುತ್ತಿತ್ತು. ಮಾತಾಡುತ್ತಾ ಒತ್ತುತ್ತಿದ್ದೆ. "ಮಗಳ ರಿಸಲ್ಟ್ ಬಂತಾ?" ಅಂತ ಕೇಳುವಷ್ಟರಲ್ಲಿ ಚೀಟಿ ಹೊರಗೆ ಬಂದಿರುತ್ತಿತ್ತು. ಕೊನೆಗೆ ಹರಿದು ಕೊಡುವ ಮುಂಚೆ ಒಂದೇ ಸಲ ಚೀಟಿ ನೋಡುವುದು.

ಪಿಗ್ಮಿ ಅಂದರೆ ಬರೀ ದುಡ್ಡು ಇಸಿದುಕೊಳ್ಳುವುದಲ್ಲ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಕರಾವಳಿಯಲ್ಲಿ ಇದನ್ನು ಶುರು ಮಾಡಿದಾಗ ದಿನಕ್ಕೆ 2 ಆಣೆ ಇದ್ದರೂ ಸಾಕಿತ್ತು. ಬ್ಯಾಂಕಿಗೆ ಹೋಗಲು ಪುರುಸೊತ್ತಿಲ್ಲದವರ ಹತ್ತಿರ ಬ್ಯಾಂಕೇ ಹೋಗಬೇಕು ಅನ್ನುವುದು ಲೆಕ್ಕ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಮಾತ್ರ ನಮ್ಮ ಕಡೆ ಎಷ್ಟೋ ಸೊಸೈಟಿಗಳಲ್ಲಿ ಉಳಿದಿದೆ. ದಿನಾ ಹೋಗುವವಳು ದಿನಾ ಮುಖ ನೋಡಬೇಕು. ಇವತ್ತು ಕೊಡಲಿಕ್ಕೆ ಆಗುವುದಿಲ್ಲ ಅನ್ನುವುದನ್ನು ಜನ ಬಾಯಿಬಿಟ್ಟು ಹೇಳುವುದಿಲ್ಲ. ಮುಖದಲ್ಲಿ ಕಾಣುತ್ತದೆ. ನಾನು "ನಾಳೆ ಬರ್ತೀನಿ ಬಿಡಿ" ಅಂತ ಮುಂದೆ ಹೋಗಬೇಕು. ನನ್ನ ಕಣ್ಣು ಪರದೆ ಮೇಲಿದ್ದರೆ ಅದು ತಪ್ಪಿಹೋಗುತ್ತದೆ.

ಹಾಗಾಗಿ ಜೇಬಿನ ಕಂಪ್ಯೂಟರ್ ಅಂದರೆ ನನಗೆ ಮೊದಲ ಪರೀಕ್ಷೆ ಇದೇ: ನೋಡದೆ ಬಳಸಲಿಕ್ಕೆ ಆಗುತ್ತದಾ? ಭದ್ರಾವತಿ ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರ್ ಕೈ ಗಮನಿಸಿ. ಬಸ್ಸು ಕುಲುಕುತ್ತಿರುತ್ತದೆ, ಒಂದು ಭುಜ ಕಂಬಕ್ಕೆ ಆನಿಸಿರುತ್ತಾರೆ, ಕಣ್ಣು ಹಿಂದಿನ ಸೀಟಿನ ಮೇಲಿರುತ್ತದೆ, ಬೆರಳು ಟಿಕೆಟ್ ಒತ್ತುತ್ತಿರುತ್ತದೆ. ಕರೆಂಟ್ ಬಿಲ್ಲು ಕೊಡಲು ಬರುವ ಮೀಟರ್ ರೀಡರ್ ಕೈಯಲ್ಲೂ ಅಂಥದ್ದೇ ಒಂದು. ಪಾಕೆಟ್ ಕಂಪ್ಯೂಟರ್ ಇಲ್ಲದ ಬೀದಿ ನಮ್ಮ ಊರಲ್ಲಿ ಇಲ್ಲವೇ ಇಲ್ಲ. ಅದನ್ನು ಹಿಡಿದವರು ಮಾತ್ರ ಯಾರ ಲೆಕ್ಕಕ್ಕೂ ಬಂದಿಲ್ಲ.

ಈಗ ಜೇಬಿನ ಕಥೆ. ಮಷಿನ್ ಬಂದ ಹೊಸತರಲ್ಲಿ ನಾನು ಅದನ್ನು ಬ್ಯಾಗಿನಲ್ಲಿ ಇಡುತ್ತಿದ್ದೆ. ತೆಗಿ, ಹಾಕು, ಜಿಪ್ ಎಳಿ. ದಿನಕ್ಕೆ ನೂರಾರು ಸಲ. ಕೊರಳಿಗೆ ದಾರ ಕಟ್ಟಿ ನೇತುಹಾಕಿಕೊಂಡೆ, ಬಗ್ಗಿದಾಗೆಲ್ಲ ಗಲ್ಲಾಕ್ಕೆ ಹೊಡೆಯುತ್ತಿತ್ತು. ದುರ್ಗಿಗುಡಿಯಲ್ಲಿ ನನ್ನ 12ನೇ ನಂಬರಿನ ಖಾತೆ ಒಬ್ಬರು ಟೈಲರ್ ಭಾಯ್‌ದು. ಒಂದು ದಿನ ನನ್ನ ಒದ್ದಾಟ ನೋಡಿ, "ಮೇಡಂ, ಅದನ್ನ ಇಲ್ಲಿ ಕೊಡಿ" ಅಂದರು. ಮಷಿನ್‌ನ್ನು ಕತ್ತರಿಸುವ ಮೇಜಿನ ಮೇಲೆ ಮಲಗಿಸಿ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಆಮೇಲೆ ನಿಲ್ಲಿಸಿ ದಪ್ಪ ಅಳೆದರು. ನನ್ನನ್ನು ನಿಲ್ಲಿಸಿ ಕೈ ಇಳಿಬಿಡಲು ಹೇಳಿದರು. ಬೆರಳ ತುದಿ ಎಲ್ಲಿಗೆ ಬರುತ್ತದೆ ಅಂತ ಗುರುತು ಮಾಡಿಕೊಂಡರು. ಒಳಗೆ ಅಸ್ತರಿಗೆ ಪ್ಯಾಂಟಿನ ದಪ್ಪ ಬಟ್ಟೆ ಹಾಕಿದರು, ಭಾರಕ್ಕೆ ಟಾಪು ಜೋಲಬಾರದು ಅಂತ ಜೇಬಿನ ಬಾಯಿಗೆ ಎರಡು ಹೊಲಿಗೆ ಓಡಿಸಿದರು. ಸೀರೆ ಉಡುವ ದಿನಗಳಿಗೆ ಅಂತ ಸೊಂಟಕ್ಕೆ ಕಟ್ಟುವ ಚೀಲ ಬೇರೆ ಮಾಡಿಕೊಟ್ಟರು.

ಎಷ್ಟೋ ವರ್ಷದ ಮೇಲೆ ಜೆಫ್ ಹಾಕಿನ್ಸ್ ಅವರ ವಿಷಯ ಓದಿದೆ. 1996ರಲ್ಲಿ ಬಂದ ಪಾಮ್ ಪೈಲಟ್ ಅನ್ನುವ ಜೇಬಿನ ಕಂಪ್ಯೂಟರ್ ಮಾಡಿದವರು. ಸರ್ಕ್ಯೂಟು, ಪರದೆ ಯಾವುದೂ ತಯಾರಾಗುವ ಮೊದಲೇ ಅವರು ಅಂಗಿ ಜೇಬಿಗೆ ಹಿಡಿಸುವ ಅಳತೆಗೆ ಒಂದು ಮರದ ತುಂಡು ಕತ್ತರಿಸಿಕೊಂಡು, ಅದನ್ನೇ ಕಂಪ್ಯೂಟರ್ ಅಂದುಕೊಂಡು ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದರಂತೆ. ಮೀಟಿಂಗಿನಲ್ಲಿ ಅದನ್ನು ತೆಗೆದು ಕಡ್ಡಿಯಿಂದ ಬರೆಯುವಂತೆ ಮಾಡುತ್ತಿದ್ದರಂತೆ. ಓದಿದಾಗ ನನಗೆ ಮೈ ಜುಮ್ ಅಂದಿತು. ಅವರು ಜೇಬು ನೋಡಿ ಮಷಿನ್ ಮಾಡಿದರು. ನಮ್ಮ ಭಾಯ್ ಮಷಿನ್ ನೋಡಿ ಜೇಬು ಮಾಡಿದರು. ಇಬ್ಬರಿಗೂ ಗೊತ್ತಿದ್ದದ್ದು ಒಂದೇ ವಿಷಯ ಅಲ್ವಾ?

ಎಲ್ಲವೂ ಚೆನ್ನಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. 2013ರ ಜುಲೈ, ಶುಕ್ರವಾರ, ಜಡಿಮಳೆ. ಗೋಪಿ ಸರ್ಕಲ್ ಹತ್ತಿರ ಮಷಿನ್ ಆಫ್ ಆಯಿತು. ಚಾರ್ಜ್ ಮುಗಿದಿದೆ ಅಂದುಕೊಂಡು ಆಫೀಸಿಗೆ ಬಂದು ಚುಚ್ಚಿದೆ. ಆನ್ ಆಯಿತು, ಒಳಗೆ ಏನೂ ಇರಲಿಲ್ಲ. ದಿನದ ವಸೂಲಿ ಪೂರ್ತಿ ಅಳಿಸಿಹೋಗಿತ್ತು. ದೊಡ್ಡ ಬ್ಯಾಟರಿ ಖಾಲಿಯಾದಾಗ ನೆನಪು ಉಳಿಸಲು ಒಳಗೆ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಅದು ಯಾವಾಗಲೋ ಸತ್ತಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. ಬ್ಯಾಗಿನಲ್ಲಿ ದುಡ್ಡು ಎಣಿಸಿದರೆ 11,340 ರೂಪಾಯಿ. ಯಾರು ಎಷ್ಟು ಕೊಟ್ಟರು ಅನ್ನುವುದು ಮಾತ್ರ ಎಲ್ಲೂ ಇಲ್ಲ. ಪ್ರಿಂಟ್ ಆದ ಚೀಟಿಗಳೆಲ್ಲ ಅವರವರ ಹತ್ತಿರ.

ಆ ರಾತ್ರಿ ನಿದ್ದೆ ಬರಲಿಲ್ಲ. ಲೆಕ್ಕ ಹೊಂದದಿದ್ದರೆ ನಮ್ಮ ಕೈಯಿಂದ ತುಂಬಬೇಕು, ಅದು ನಿಯಮ. ದುಡ್ಡಿಗಿಂತ ಹೆಚ್ಚಾಗಿ, "ಪಿಗ್ಮಿ ಅಕ್ಕ ನಿನ್ನೆ ಕೊಟ್ಟದ್ದನ್ನು ಇವತ್ತು ಮತ್ತೆ ಕೇಳ್ತಾಳೆ" ಅನ್ನುವ ಮಾತು ಬಂದರೆ ಏನು ಮಾಡುವುದು? ಶನಿವಾರ ಬೆಳಗ್ಗೆ ಎಂಟಕ್ಕೇ ಹೊರಟೆ. ಒಂದೊಂದೇ ಅಂಗಡಿಗೆ ಹೋಗಿ ನಿನ್ನೆಯ ಚೀಟಿ ತೋರಿಸಿ ಅಂತ ಕೇಳಿ ಬರೆದುಕೊಂಡೆ. ಯಾರೂ ಮುಖ ಗಂಟಿಕ್ಕಲಿಲ್ಲ. 96 ಜನ ಕೊಟ್ಟಿದ್ದರು. 93 ಚೀಟಿ ಸಿಕ್ಕಿತು. ಕೂಡಿದರೆ 10,990. ಇನ್ನು ಮೂರು ಜನ, 350 ರೂಪಾಯಿ.

ಹೋಟೆಲಿನವರು ಚೀಟಿಯನ್ನು ದೋಸೆ ಹೆಂಚಿನ ಪಕ್ಕದ ಮೊಳೆಗೆ ಚುಚ್ಚಿದ್ದರು. ಅದು ಪೂರ್ತಿ ಕಪ್ಪಾಗಿತ್ತು. ಈ ಮಷಿನ್‌ಗಳಲ್ಲಿ ಶಾಯಿ ಇರುವುದಿಲ್ಲ. ಬಿಸಿ ತಾಗಿದರೆ ಕಪ್ಪಾಗುವ ಕಾಗದ, ಅಕ್ಷರ ಮೂಡುವುದೂ ಬಿಸಿಯಿಂದಲೇ. ಹೆಂಚಿನ ಕಾವಿಗೆ ಇಡೀ ಚೀಟಿಯೇ ಅಕ್ಷರದ ಬಣ್ಣಕ್ಕೆ ತಿರುಗಿತ್ತು. ಅವರು ಯಾವಾಗಲೂ 200 ಕೊಡುವವರು, ಅವತ್ತೂ ಅಷ್ಟೇ ಅಂದರು. ಸೈಕಲ್ ಶಾಪಿನವರ ಚೀಟಿ ಕಸಕ್ಕೆ ಹೋಗಿತ್ತು, 100 ಅಂತ ನೆನಪಿತ್ತು. ಕೊನೆಗೆ ಗಾಂಧಿ ಬಜಾರಿನ ಹೂವಿನ ಅಮ್ಮ. ಚೀಟಿ ಒದ್ದೆಯಾಗಿ ಮುದ್ದೆಯಾಗಿತ್ತು. ನಾನು ಕೇಳಿ ಮುಗಿಸುವ ಮೊದಲೇ, "ನಿನ್ನೆ ಶುಕ್ರವಾರ ಅಲ್ವೇನಮ್ಮಾ, ಹೂವೆಲ್ಲ ಹೋಯ್ತು. ಐವತ್ತು ಕೊಟ್ಟೆ. ಬೇರೆ ದಿನ ಮೂವತ್ತೇ" ಅಂದರು. 200, 100, 50. ಅಲ್ಲೇ ಹೂವಿನ ಬುಟ್ಟಿ ಪಕ್ಕ ಕೂತು ಸಮಾಧಾನವಾಗುವಷ್ಟು ಅತ್ತೆ. ಆ ಅಮ್ಮ ಒಂದು ಮೊಳ ಮಲ್ಲಿಗೆ ಮುಡಿಸಿ ಕಳಿಸಿದರು.

ಅವತ್ತಿನಿಂದ ಹತ್ತು ಜನಕ್ಕೊಮ್ಮೆ ಮೊತ್ತವನ್ನು ಚಿಕ್ಕ ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ಈಗಲೂ.

2004ರಲ್ಲಿ ಪೇಪರಿನಲ್ಲಿ ಓದಿದ್ದು ಆಗ ಮತ್ತೆ ನೆನಪಾಯಿತು. ಬೆಂಗಳೂರಿನಲ್ಲೇ ರೂಪುಗೊಂಡ ಸಿಂಪ್ಯೂಟರ್ ಅನ್ನುವ ಕೈಯಲ್ಲಿ ಹಿಡಿಯುವ ಕಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ಯೋಚಿಸಿದ್ದು, ಸರ್ಕಾರಿ ಕಂಪನಿ ಬಿಇಎಲ್ ತಯಾರಿಸಿದ್ದು. ಒಳಗೆ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಮುಕ್ತ ತಂತ್ರಾಂಶ. ಒಂದೇ ಮಷಿನ್‌ನ್ನು ಊರಿನವರೆಲ್ಲ ಹಂಚಿಕೊಂಡು ಬಳಸಬೇಕು, ಒಬ್ಬೊಬ್ಬರ ಲೆಕ್ಕ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ ಇರಬೇಕು ಅನ್ನುವುದು ಅದರ ಯೋಜನೆ. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳುವಂತೆ ಮಾಡುವ ಕೆಲಸವೂ ನಡೆದಿತ್ತು. ಹೂವಿನ ಅಮ್ಮನಿಗೆ ಓದಲು ಬರುವುದಿಲ್ಲ. ಅವರ ಕಾರ್ಡು ಅವರ ಸೆರಗಿನಲ್ಲಿ ಇದ್ದು, ಜಮಾ ಎಷ್ಟು ಅಂತ ಮಷಿನ್ ಕನ್ನಡದಲ್ಲೇ ಹೇಳಿದ್ದರೆ! ಅದು ನಮ್ಮ ಬೀದಿಗಳಿಗೆ ಬರಲಿಲ್ಲ. ಬರಬೇಕಿತ್ತು. ಈಗಲೂ ನನಗೆ ಅದು ಬೇಜಾರಿನ ವಿಷಯ.

2020ರ ಜನವರಿಯಲ್ಲಿ ನನ್ನದೇ ಅಂತ ಒಂದು ಪುಟ್ಟ ಕಂಪ್ಯೂಟರ್ ತಗೊಂಡೆ. ಬೆಂಗಳೂರಿನಲ್ಲಿರುವ ತಮ್ಮನ ಮಗ ಹುಡುಕಿಕೊಟ್ಟ ಸೆಕೆಂಡ್ ಹ್ಯಾಂಡ್ ಜಿಪಿಡಿ ಪಾಕೆಟ್. 2017ರ ಮಾಡೆಲ್. 7 ಇಂಚಿನ ಪರದೆ, ಅರ್ಧ ಕೆಜಿ ಒಳಗೇ ತೂಕ, ದೊಡ್ಡ ಲ್ಯಾಪ್‌ಟಾಪಿನ ಮರಿಯ ಹಾಗೆ ಮಡಚಿಕೊಳ್ಳುತ್ತದೆ. ಹೆಸರಿಗೆ ಪಾಕೆಟ್, ಆದರೆ ನನ್ನ ಜೇಬಿಗೆ ಹಿಡಿಸುವುದಿಲ್ಲ. ಬ್ಯಾಗಿನ ಮುಂದಿನ ಖಾನೆಗೆ ಸರಿ. ಅದರಲ್ಲಿ ವಿಂಡೋಸ್ ಇದೆ, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಹಾಕಿಕೊಂಡಿದ್ದೇನೆ. ನನ್ನ ಕಮಿಷನ್ ಲೆಕ್ಕ, ಯಾರ ಖಾತೆ ಯಾವ ತಿಂಗಳು ಮುಗಿಯುತ್ತದೆ ಅನ್ನುವ ಪಟ್ಟಿ, ಈ ಬರಹ, ಎಲ್ಲ ಅದರಲ್ಲೇ. ಮಧ್ಯಾಹ್ನ ಅಂಗಡಿಗಳು ಊಟಕ್ಕೆ ಬಾಗಿಲು ಹಾಕುವ ಒಂದು ಗಂಟೆ ನನಗೆ ಸಿಗುತ್ತದೆ. ಕ್ಯಾಂಟೀನಿನಲ್ಲಿ ಚಹಾ ಲೋಟದ ಪಕ್ಕ ಇಟ್ಟುಕೊಂಡು ಬರೆಯುತ್ತೇನೆ.

ನುಡಿ ಕೀಲಿಮಣೆ ಕಲಿತವರಿಗೆ ಇದರ ಸುಖ ಗೊತ್ತು. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಅದು. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಿದರೆ ಸಾಕು. 'ಅಕ್ಕ' ಅನ್ನಬೇಕಾದರೆ ಎ, ಕೆ, ಎಫ್, ಕೆ. ನಾಲ್ಕೇ ಒತ್ತು. ಎಡಗೈ ತೋರುಬೆರಳು ಎಫ್ ಮೇಲೆಯೇ ಕೂತಿರುತ್ತದೆ, ಅಲ್ಲೂ ಒಂದು ಸಣ್ಣ ಗೀರು ಉಬ್ಬಿರುತ್ತದೆ. ನನ್ನ ಹಳೇ ಮಷಿನ್‌ನ 5ರ ಉಬ್ಬಿನ ಹಾಗೆಯೇ. ಕೀಗಳು ಚಿಕ್ಕವು, ಮೊದಲ ಎರಡು ವಾರ ತಪ್ಪು ಜಾಸ್ತಿ ಆಗುತ್ತಿತ್ತು. ಈಗ ಕಿಟಕಿ ಆಚೆ ನೋಡಿಕೊಂಡು ಟೈಪ್ ಮಾಡುತ್ತೇನೆ.

2021ರಲ್ಲಿ ಸೊಸೈಟಿಯವರು ಹಳೇ ಮಷಿನ್ ವಾಪಸ್ ತಗೊಂಡು ಫೋನ್ ಆ್ಯಪ್ ಕೊಟ್ಟರು. ಜೊತೆಗೆ ಬ್ಲೂಟೂತ್ ಪ್ರಿಂಟರ್. ಅದರ ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಒತ್ತಿದ ತಕ್ಷಣ ಲೆಕ್ಕ ಆಫೀಸಿಗೆ ಹೋಗುತ್ತದೆ, ಗ್ರಾಹಕರಿಗೆ ಮೆಸೇಜ್ ಹೋಗುತ್ತದೆ. 2013ರ ಆ ರಾತ್ರಿ ಇನ್ನು ಯಾರಿಗೂ ಬರುವುದಿಲ್ಲ. ಇದು ಸಣ್ಣ ಮಾತಲ್ಲ.

ಆದರೆ ನುಣುಪು ಗಾಜಿನ ಮೇಲೆ ಹೆಬ್ಬೆರಳಿಗೆ ದಾರಿ ಗೊತ್ತಾಗುವುದಿಲ್ಲ. ಪ್ರತಿ ಸಲ ಬಗ್ಗಿ ನೋಡಬೇಕು. ಮಳೆಹನಿ ಬಿದ್ದರೆ ಗಾಜು ತಾನೇ ಏನೇನೋ ಒತ್ತಿಕೊಳ್ಳುತ್ತದೆ. ನಮ್ಮ ಮಲೆನಾಡಿನ ಜೂನ್, ಜುಲೈ, ಆಗಸ್ಟ್ ಹೇಗಿರುತ್ತದೆ ಅಂತ ಗೊತ್ತಲ್ಲ. ಹಳೇ ಮಷಿನ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಕವರಿನ ಮೇಲಿಂದಲೇ ಒತ್ತುತ್ತಿದ್ದೆ. ಈಗ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು, ಸೆರಗಿನಲ್ಲಿ ಗಾಜು ಒರೆಸುವುದು. ಮೊನ್ನೆ ಹೂವಿನ ಅಮ್ಮ, "ಈಗೀಗ ನೀನು ಮುಖ ಕೊಟ್ಟು ಮಾತಾಡೋದೇ ಇಲ್ಲ ನೋಡು" ಅಂದರು. ಬಯ್ಯಲಿಲ್ಲ, ಸುಮ್ನೆ ಅಂದರು. ಆ ಮಾತು ಇಡೀ ಸಂಜೆ ನನ್ನ ಜೊತೆ ಬಂತು.

ಅದಕ್ಕೇ ಫೋನಿಗೆ ಚುಚ್ಚುವ ಪುಟ್ಟ ನಂಬರ್ ಕೀಪ್ಯಾಡ್ ಒಂದನ್ನು ತರಿಸಿದ್ದೇನೆ. ಅಂಗೈ ಅಗಲದ್ದು. ಆ್ಯಪ್‌ನಲ್ಲಿ ನಂಬರು ಹಾಕುವ ಜಾಗಕ್ಕೆ ಒಂದು ಸಲ ಮುಟ್ಟಿಬಿಟ್ಟರೆ, ಆಮೇಲೆ ಕೀ ಒತ್ತಿದ್ದೆಲ್ಲ ಹೋಗಿ ಕೂರುತ್ತದೆ. 5ರ ಮೇಲೆ ಉಬ್ಬು ಇದೆ, ಅದನ್ನು ನೋಡಿಯೇ ತಗೊಂಡದ್ದು. ಎಂಟು ದಿನದಿಂದ ಅಭ್ಯಾಸ ಮಾಡುತ್ತಿದ್ದೇನೆ. ನಿನ್ನೆ ದುರ್ಗಿಗುಡಿಯಲ್ಲಿ ಮೂರು ಅಂಗಡಿಯಲ್ಲಿ ಬಗ್ಗದೆ ಒತ್ತಿದೆ.

ಇನ್ನು ಇದಕ್ಕೂ ಜಾಗ ಬೇಕಲ್ಲ. ಭಾಯ್ ಹತ್ತಿರ ಹೋದೆ. ಅವರಿಗೆ ಈಗ ವಯಸ್ಸಾಗಿದೆ, ಕನ್ನಡಕ ದಪ್ಪವಾಗಿದೆ. ಫೋನು, ಪ್ರಿಂಟರು, ಕೀಪ್ಯಾಡು ಮೂರನ್ನೂ ಮೇಜಿನ ಮೇಲೆ ಸಾಲಾಗಿ ಮಲಗಿಸಿ ಸೀಮೆಸುಣ್ಣ ತಗೊಂಡರು. ಬಲಗಡೆ ಜೇಬಿನೊಳಗೆ ಒಂದು ಚಿಕ್ಕ ಜೇಬು, ಎಡಗಡೆ ಪ್ರಿಂಟರಿಗೆ ಹೊಸದು. ಹೊಲಿದು ಮುಗಿಸಿ ಒಳಭಾಗ ತಿರುಗಿಸಿ ತೋರಿಸಿದರು. "ಒಂದಿಂಚು ಬಟ್ಟೆ ಒಳಗೆ ಬಿಟ್ಟಿದ್ದೀನಿ ಮೇಡಂ" ಅಂದರು. "ಇನ್ನೊಂದು ಮಷಿನ್ ಬಂದ್ರೆ ಬಿಚ್ಚಿ ಅಗಲ ಮಾಡ್ಕೊಡ್ತೀನಿ."