ಐಹೊಳೆ ಮೊದಲು, ಬಾದಾಮಿ ಕೊನೆಗೆ, ರಾತ್ರಿ ಬನಶಂಕರಿಯಲ್ಲಿ ನಾಟಕ

ಬಾದಾಮಿ ಪ್ಯಾಕೇಜು ಎಂದರೆ ಸಾಮಾನ್ಯವಾಗಿ ಹೀಗೆ: ಬೆಳಗಿನ ನಾಷ್ಟಾ ಮುಗಿಸಿ ಒಂಬತ್ತಕ್ಕೆ ಗುಹೆಗಳು, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಐಹೊಳೆ. ಐಹೊಳೆ ಮುಟ್ಟುವ ಹೊತ್ತಿಗೆ ಜನರ ಕಾಲು ಸೋತಿರುತ್ತವೆ, ಬೆಳಕೂ ಇಳಿದಿರುತ್ತದೆ. ಅಲ್ಲಿನ ಮೇಗುತಿ ಗುಡ್ಡ ಹತ್ತುವವರು ಯಾರೂ ಇಲ್ಲ. ಬಾದಾಮಿಯಲ್ಲೇ ವಸ್ತಿ ಇದ್ದರೆ ಈ ಸರದಿಯನ್ನು ಉಲ್ಟಾ ಮಾಡಬೇಕು. ಅದರಲ್ಲೂ ಪುಷ್ಯಮಾಸದ ಬನದ ಹುಣ್ಣಿಮೆಯ ಆಸುಪಾಸು, ಬನಶಂಕರಿ ಜಾತ್ರೆ ನಡೆದಿರುವಾಗ ಬಂದರೆ ರಾತ್ರಿಯ ಲೆಕ್ಕವೂ ಸರಿಹೊಂದುತ್ತದೆ.

ನಸುಕಿನ ಆರಕ್ಕೆ ಬಸ್ಸು ಬಿಡಬೇಕು. ಐಹೊಳೆ ಸುಮಾರು 35 ಕಿಲೋಮೀಟರ್. ಆರೂವರೆ ಆಯಿತೆಂದರೆ ಇಡೀ ದಿನ ಅರ್ಧ ತಾಸು ತಡ, ಅದು ಎಲ್ಲೂ ಹಿಂದಕ್ಕೆ ಸಿಗುವುದಿಲ್ಲ. ತಡವಾಗುವುದು ಬಹಳ ಸಲ ಚಹಾದಿಂದ. ಚಹಾ ಹಿಂದಿನ ರಾತ್ರಿಯೇ ಹೇಳಿಟ್ಟು ಬಸ್ಸಿನ ಬಾಗಿಲಲ್ಲೇ ಕೊಟ್ಟರೆ ಆಯಿತು. ನಾಷ್ಟಾ ಐಹೊಳೆ ನೋಡಿದ ಮೇಲೆ.

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ, ನೋಡುವುದು ನಾಲ್ಕನ್ನು. ಮೊದಲು ದುರ್ಗ ಗುಡಿ. ಇದು ದುರ್ಗಾದೇವಿಯ ಗುಡಿಯಲ್ಲ, ಹತ್ತಿರವಿದ್ದ ದುರ್ಗದಿಂದ, ಅಂದರೆ ಕೋಟೆಯಿಂದ, ಬಂದ ಹೆಸರು. ಅಷ್ಟು ಹೇಳದೆ ಒಳಗೆ ಬಿಟ್ಟರೆ ಅರ್ಧ ಜನ ಗರ್ಭಗುಡಿಯಲ್ಲಿ ದೇವಿಯನ್ನು ಹುಡುಕುತ್ತಾರೆ. ಹಿಂಬದಿ ಆನೆಯ ಬೆನ್ನಿನಂತೆ ದುಂಡಗಿದೆ, ಸುತ್ತಲೂ ಕಂಬಸಾಲಿನ ಪ್ರದಕ್ಷಿಣಾಪಥ. ಗೂಡುಗಳಲ್ಲಿನ ಶಿಲ್ಪಗಳು ಎಡದಿಂದ ಸರದಿಯಾಗಿ ಬರುತ್ತವೆ: ನಂದಿಯೊಡನೆ ಶಿವ, ನರಸಿಂಹ, ಗರುಡನ ಮೇಲಿನ ವಿಷ್ಣು, ವರಾಹ, ಮಹಿಷಮರ್ದಿನಿ, ಹರಿಹರ. ಪುಷ್ಯಮಾಸದ ಬೆಳಗಿನ ಬಿಸಿಲು ದಕ್ಷಿಣದ ಕಂಬಗಳ ನಡುವೆ ಓರೆಯಾಗಿ ಬೀಳುವಾಗ ಶಿವನ ಕೈ, ನರಸಿಂಹನ ಮುಖ ಕಲ್ಲಿನಿಂದ ಎದ್ದು ಬಂದಂತೆ ಕಾಣುತ್ತವೆ. ಹತ್ತು ಗಂಟೆ ದಾಟಿತೋ, ಅದೇ ಶಿಲ್ಪ ಸಪ್ಪೆ. ಸರದಿ ಉಲ್ಟಾ ಮಾಡಬೇಕು ಅನ್ನುವುದಕ್ಕೆ ಇದೊಂದು ಗೂಡೇ ಸಾಕು.

ಲಾಡಖಾನ ಗುಡಿಯಲ್ಲಿ ಜನ ಕಂಬ ನೋಡಿ ಹೊರಬೀಳುತ್ತಾರೆ, ನೋಡಬೇಕಾದದ್ದು ಮಾಳಿಗೆಯನ್ನು. ಇಳಿಜಾರಿನ ಹಾಸುಗಲ್ಲುಗಳ ಸಂದಿನ ಮೇಲೆ ಮರದ ತೊಲೆಯಂತೆ ಉದ್ದನೆಯ ಕಲ್ಲುಪಟ್ಟಿ ಕೂಡಿಸಿದ್ದಾರೆ, ಮಳೆನೀರು ಸಂದಿಗೆ ಇಳಿಯದ ಹಾಗೆ. ಮರದಲ್ಲಿ ಪಳಗಿದ ಕೈ ಕಲ್ಲಿಗೆ ಹೊರಳಿದ್ದು ಅಲ್ಲಿ ಕಣ್ಣಿಗೇ ಕಾಣುತ್ತದೆ. ರಾವಣಫಡಿಯ ಹತ್ತು ಕೈಯ ನಟರಾಜನಿಗೆ ಇಪ್ಪತ್ತು ನಿಮಿಷ. ಆಮೇಲೆ ಮೇಗುತಿ. ಮಂಡಿನೋವಿನವರನ್ನು ಕೆಳಗೆ ಕೂಡಿಸಿ ಉಳಿದವರು ಹತ್ತಬೇಕು. ಅಲ್ಲಿನ ಜೈನ ಗುಡಿಯ ಗೋಡೆಯಲ್ಲಿ 634ರ ಶಾಸನವಿದೆ. ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನೆಲ್ಲ ಹಾಡಿ ಹೊಗಳಿದ ರವಿಕೀರ್ತಿ ಕೊನೆಗೆ ತನ್ನನ್ನೂ ಬಿಡಲಿಲ್ಲ, ಕಾಳಿದಾಸ ಭಾರವಿಯರ ಸಾಲಿಗೆ ಸೇರಿಸಿಕೊಂಡ. ಕವಿಯ ಈ ಜಂಬಕ್ಕೆ ನಾವು ಋಣಿಗಳು. ಕಾಳಿದಾಸ ಈ ಇಸವಿಗಿಂತ ಹಿಂದಿನವನು ಅನ್ನುವುದಕ್ಕೆ ವಿದ್ವಾಂಸರು ಹಿಡಿಯುವ ಆಧಾರಗಳಲ್ಲಿ ಅದೂ ಒಂದು.

ಪಟ್ಟದಕಲ್ಲಿಗೆ ಹತ್ತೂವರೆಗೆ ಬಂದರೆ ಎರಡು ತಾಸು ಸಿಗುತ್ತದೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ, ಹುಲ್ಲುಹಾಸು ಚಲೋ ಇಟ್ಟಿದ್ದಾರೆ, ನೆರಳು ಮಾತ್ರ ಕಮ್ಮಿ. ಗೈಡುಗಳು ನಾಗರ ಶೈಲಿ, ದ್ರಾವಿಡ ಶೈಲಿ ಎಂದು ಬಿಸಿಲಲ್ಲಿ ನಿಲ್ಲಿಸಿ ಭಾಷಣ ಮಾಡುವುದು ದೊಡ್ಡ ತಪ್ಪು. ಒಳಗೆ ಹೋದೊಡನೆ ಗಳಗನಾಥನ ಬಾಗಿದ ನಾಗರ ಶಿಖರವನ್ನೂ ಸಂಗಮೇಶ್ವರನ ಅಂತಸ್ತು ಅಂತಸ್ತಾದ ದ್ರಾವಿಡ ಶಿಖರವನ್ನೂ ಒಂದೇ ನೋಟಕ್ಕೆ ತೋರಿಸಿದರೆ ಮಾತೇ ಬೇಡ. ವಿರೂಪಾಕ್ಷ ಗುಡಿಯಲ್ಲಿ ಇಂದಿಗೂ ಪೂಜೆ ಇದೆ, ಚಪ್ಪಲಿ ಹೊರಗೆ. ಹನ್ನೊಂದೂವರೆ ದಾಟಿದರೆ ಅಂಗಳದ ಕಲ್ಲು ಕಾದಿರುತ್ತದೆ, ಒಂದು ಜೊತೆ ದಪ್ಪ ಕಾಲುಚೀಲ ಚೀಲದಲ್ಲಿರಲಿ. ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಇದು. ಪಕ್ಕದ ಮಲ್ಲಿಕಾರ್ಜುನ ಗುಡಿ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ವಿರೂಪಾಕ್ಷ ಗುಡಿ ಕಟ್ಟಿದ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡನ ಹೆಸರನ್ನೂ ಶಾಸನದಲ್ಲಿ ಕೆತ್ತಿದ್ದಾರೆ, ಅನಿವಾರಿತಾಚಾರಿ ಎಂಬ ಬಿರುದಿನೊಡನೆ. ಪಾಪನಾಥ ಗುಡಿ ತುಸು ದೂರ, ಬಹಳ ತಂಡಗಳು ಅದನ್ನು ಬಿಟ್ಟೇ ಹೋಗುತ್ತವೆ. ಹೊರಗೋಡೆಯ ರಾಮಾಯಣಕ್ಕಾಗಿಯಾದರೂ ಹತ್ತು ನಿಮಿಷ ನಡೆಯಬೇಕು.

ಊಟ ಬನಶಂಕರಿಯಲ್ಲಿ. ಗುಡಿಯ ಹೊರಗೆ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬಂದಿರುತ್ತಾರೆ: ಜೋಳದ ಖಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಕಾಳುಪಲ್ಯ, ಶೇಂಗಾ ಹಿಂಡಿ, ಕೆಂಪು ಖಾರ, ಮಣ್ಣಿನ ಕುಡಿಕೆಯಲ್ಲಿ ಕೆನೆಮೊಸರು. "ಬರ್ರೀ ಯಪ್ಪಾ, ಉಂಡು ಹೋಗ್ರಿ" ಎಂದು ನಾಲ್ಕು ಕಡೆಯಿಂದ ಕರೆಯುತ್ತಾರೆ. ನಲವತ್ತು ಜನರ ತಂಡವಾದರೆ ಒಬ್ಬರ ಬುಟ್ಟಿ ಸಾಲುವುದಿಲ್ಲ, ನಾಲ್ಕೈದು ಮಂದಿಯ ಹತ್ತಿರ ಹಂಚಿಕೊಂಡು ಕೂಡಬೇಕು, ರೇಟು ಮೊದಲೇ ಕೇಳಬೇಕು. ಖಾರ ತಾಳದವರು ಮೊಸರಿನ ಕುಡಿಕೆ ಎರಡು ತೆಗೆದುಕೊಳ್ಳಲಿ. ಒಬ್ಬರಿಗೆ ಎರಡು ರೊಟ್ಟಿ ಸಾಕು, ಮೂರನೆಯದು ತಿಂದವರು ಮೂರು ಗಂಟೆಗೆ ಬಾದಾಮಿಯ ಮೆಟ್ಟಿಲ ಮೇಲೆ ಪಶ್ಚಾತ್ತಾಪ ಪಡುತ್ತಾರೆ.

ಬಾದಾಮಿಯ ನಾಲ್ಕು ಗುಹೆಗಳೂ ತೆಂಕಣ ಗುಡ್ಡದಲ್ಲಿವೆ, ಚಳಿಗಾಲದ ಮಧ್ಯಾಹ್ನ ಮೆಟ್ಟಿಲ ಮೇಲೆ ನೆರಳಿರುತ್ತದೆ. ಅದಕ್ಕೇ ಈ ಹೊತ್ತು. ತೊಂದರೆ ಕೊಡುವುದು ಮಂಗ. ಅವಕ್ಕೆ ಪ್ಲಾಸ್ಟಿಕ್ ಚೀಲದ ಸಪ್ಪಳ ಗೊತ್ತು, ಕೈಯಲ್ಲಿ ಕ್ಯಾರಿಬ್ಯಾಗ್ ಕಂಡರೆ ಒಳಗೆ ಏನಿದ್ದರೂ ಕಸಿಯುತ್ತವೆ. ಕೈ ಖಾಲಿ ಇರಬೇಕು, ನೀರಿನ ಬಾಟಲಿ ಬೆನ್ನುಚೀಲದ ಒಳಗೆ.

ಮೊದಲ ಗುಹೆಯ ನಟರಾಜನಿಗೆ ಹದಿನೆಂಟು ಕೈ. ಎಡದ ಒಂಬತ್ತರಲ್ಲಿ ಒಂದು, ಬಲದ ಒಂಬತ್ತರಲ್ಲಿ ಒಂದು ಕೂಡಿಸುತ್ತ ಹೋದರೆ 81 ಭಂಗಿ ಎಂದು ಗೈಡುಗಳು ಹೇಳುವುದು ಬರೀ ಒಂಬತ್ತೊಂಬತ್ಲೆ ಎಂಬತ್ತೊಂದರ ಮಗ್ಗಿ. ಆದರೆ ಆ ನೆವದಲ್ಲಿ ಜನ ಕೈಗಳನ್ನು ಒಂದೊಂದಾಗಿ ನೋಡುತ್ತಾರಲ್ಲ, ಅದು ಲಾಭ. ಮೂರನೆಯ ಗುಹೆಯೇ ದೊಡ್ಡದು. 578ರಲ್ಲಿ ಚಾಲುಕ್ಯ ಮನೆತನದ ಮಂಗಲೇಶ ಮಾಡಿಸಿದ್ದು ಎಂದು ಶಾಸನದಲ್ಲೇ ಇದೆ. ಅಲ್ಲಿನ ಕನ್ನಡ ಶಾಸನದಲ್ಲಿ ಗುಹೆಗೆ ಬಳಸಿದ ಮಾತು 'ಕಲ್ಮನೆ'. ಗುಹಾಂತರ ದೇವಾಲಯ ಎಂದು ಬೋರ್ಡು ಬರೆದವರಿಗೆ ಈ ಮಾತು ಯಾಕೆ ಹೊಳೆಯಲಿಲ್ಲವೋ.

ನಾಲ್ಕೂವರೆಗೆ ಇಳಿದು ಅಗಸ್ತ್ಯತೀರ್ಥದ ದಂಡೆ ಹಿಡಿದು ಭೂತನಾಥ ಗುಡಿಗೆ ನಡೆಯಬೇಕು. ದಾರಿಯಲ್ಲಿ ಸಿಗುವ ಮ್ಯೂಸಿಯಂಗೆ ಶುಕ್ರವಾರ ರಜೆ. ಭೂತನಾಥ ಕೆರೆಯ ಮೂಡಣ ತುದಿಯಲ್ಲಿ ಪಡುವಣಕ್ಕೆ ಮುಖಮಾಡಿ ನಿಂತಿದೆ, ಹೊತ್ತು ಮುಳುಗುವ ಮುಂಚಿನ ಅರ್ಧ ತಾಸು ಬಿಸಿಲೆಲ್ಲ ಅದರ ಮೇಲೆಯೇ. ಕೆಂಗಲ್ಲು ಇನ್ನಷ್ಟು ಕೆಂಪಗಾಗುತ್ತದೆ, ಈಚೆ ದಂಡೆಯಲ್ಲಿ ಬಟ್ಟೆ ಒಗೆಯುವ ಸಪ್ಪಳ ಬಂಡೆಗೆ ಬಡಿದು ಎರಡು ಸಲ ಕೇಳುತ್ತದೆ.

ಇನ್ನು ರಾತ್ರಿ. ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಸಾಲಾಗಿ ಬಂದು ಕ್ಯಾಂಪ್ ಹಾಕುತ್ತವೆ. ತೇರಾದ ಮೇಲೂ ವಾರಗಟ್ಟಲೆ ಆಟ ನಡೆಯುತ್ತವೆ. ತೇರಿನ ದಿನ ಟೂರು ಇಟ್ಟುಕೊಳ್ಳಬಾರದು, ಬಸ್ಸು ಗುಡಿಯ ಹತ್ತಿರ ಸುಳಿಯಲಾಗುವುದಿಲ್ಲ. ತೇರಾಗಿ ನಾಲ್ಕೈದು ದಿನ ಬಿಟ್ಟು ಬಂದರೆ ನಾಟಕವೂ ಸಿಗುತ್ತದೆ, ಜಾಗವೂ ಸಿಗುತ್ತದೆ. ಆಟಕ್ಕೆ ಮುಂಚೆ ಅಂಗಡಿ ಸಾಲು ಸುತ್ತಲು ಒಂದು ತಾಸು ಸಾಕು: ಗುಳೇದಗುಡ್ಡದ ಕುಪ್ಪಸದ ಖಣ, ಇಳಕಲ್ ಸೀರೆ, ಕಟ್ಟಿಗೆಯ ಬಾಗಿಲು ಚೌಕಟ್ಟು. ಜನದಟ್ಟಣೆಯಲ್ಲಿ ಫೋನ್ ಹತ್ತುವುದಿಲ್ಲ, ಎಲ್ಲರೂ ಕೂಡುವ ಜಾಗ ದೀಪಸ್ತಂಭದ ಬುಡ ಎಂದು ಬಸ್ಸಿನಲ್ಲೇ ಹೇಳಿಬಿಡಬೇಕು.

ನಾಟಕದ ಟಿಕೆಟು ಸಂಜೆಯೇ ಒಬ್ಬರು ಹೋಗಿ ತರುವುದು ಒಳ್ಳೆಯದು. ಮುಂದಿನ ಸಾಲು ಚಲೋ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲಿ ಕೂತರೆ ಸ್ಪೀಕರ್ ಕಿವಿಗೇ ಇರುತ್ತದೆ, ನಟರ ಮುಖ ನೋಡಲು ಕತ್ತೆತ್ತಬೇಕು. ಐದಾರು ಸಾಲು ಹಿಂದೆ, ಹಾರ್ಮೋನಿಯಂ ತಬಲಾದವರು ಕಾಣುವ ಕಡೆ ಕೂಡಬೇಕು. ಹಾಸ್ಯದವನು ಮಾತು ತಪ್ಪಿದಾಗ ತಬಲಾದವನು ಒಂದು ಪೆಟ್ಟು ಹಾಕಿ ಎತ್ತಿಕೊಡುವುದು ಅಲ್ಲಿಂದಲೇ ಕಾಣುವುದು. ಪೋಸ್ಟರಿನಲ್ಲಿ ಬರೆದ ಹೊತ್ತಿಗೆ ಪರದೆ ಏಳುವುದಿಲ್ಲ, ಮಂದಿ ತುಂಬಿದ ಮೇಲೆಯೇ ನಾಂದಿಯ ಹಾಡು. ಮಾತಿನಲ್ಲಿ ಎರಡರ್ಥ ಧಾರಾಳ, ಚಿಕ್ಕ ಮಕ್ಕಳಿರುವ ಮನೆಯವರಿಗೆ ಮೊದಲೇ ಹೇಳಿಬಿಟ್ಟರೆ ಆಮೇಲೆ ಗೈಡಿನ ಮೇಲೆ ಸಿಟ್ಟಾಗುವುದಿಲ್ಲ. ಥೇಟರಿನ ತಗಡಿನ ಸಂದಿಯಿಂದ ಬರುವ ಚಳಿಗೆ ಒಂದು ಶಾಲು ಬೇಕೇ ಬೇಕು.

ಆಟ ಬಿಟ್ಟಾಗ ಎಲ್ಲ ಗಾಡಿಗಳೂ ಒಟ್ಟಿಗೆ ಹೊರಡುತ್ತವೆ. ಡ್ರೈವರಿಗೆ ಸಂಜೆಯೇ ಹೇಳಿ ಬಸ್ಸಿನ ಮುಖ ಬಾದಾಮಿ ಕಡೆ ತಿರುಗಿಸಿ ನಿಲ್ಲಿಸಿದ್ದರೆ ಐದು ಕಿಲೋಮೀಟರಿಗೆ ಕಾಲು ತಾಸು. ಇಲ್ಲದಿದ್ದರೆ ಮುಂದಿನ ಆಟದ ನಾಂದಿಯನ್ನೂ ಬಸ್ಸಿನಲ್ಲೇ ಕೂತು ಕೇಳಬಹುದು.