ದಿ ಅಸೆಂಟ್: ಬಂದೂಕು ಎತ್ತಬೇಕಾದಾಗ ಎತ್ತಿ, ಬಿಡಿಭಾಗ ಉಳಿಸಬೇಕಾದಾಗ ಉಳಿಸಿ

ಮೇಲಿನಿಂದ ನೋಡುವ ಕ್ಯಾಮೆರಾ, ಕಂಟ್ರೋಲರ್‌ನ ಎಡ ಸ್ಟಿಕ್‌ನಲ್ಲಿ ನಡಿಗೆ, ಬಲ ಸ್ಟಿಕ್‌ನಲ್ಲಿ ಗುರಿ. ಇಷ್ಟು ಕಂಡ ಕೂಡಲೇ ದಿ ಅಸೆಂಟ್ ಕೂಡ ಓಡಾಡಿಕೊಂಡು ಹೊಡೆಯುವ ಆಟವೇ ಅಂದುಕೊಳ್ಳುವವರು ಮೊದಲ ಗಂಟೆಯಲ್ಲೇ ಹತ್ತಾರು ಸಲ ಸಾಯುತ್ತಾರೆ. ಸ್ವೀಡನ್ನಿನ ನಿಯಾನ್ ಜೈಂಟ್ 2021ರಲ್ಲಿ ತಂದ ಈ ಆಟದಲ್ಲಿ ಗುರಿಗೆ ದಿಕ್ಕಿನ ಜೊತೆ ಎತ್ತರವೂ ಇದೆ.

ಸುಮ್ಮನೆ ಗುಂಡು ಹಾರಿಸಿದರೆ ಅದು ಸೊಂಟದ ಮಟ್ಟದಲ್ಲಿ ಹೋಗುತ್ತದೆ. ಕಂಟ್ರೋಲರ್‌ನ ಎಡ ಟ್ರಿಗರ್ ಗುಂಡಿ ಒತ್ತಿ ಹಿಡಿದರೆ ಪಾತ್ರ ಬಂದೂಕನ್ನು ಹೆಗಲಿಗೆ ಎತ್ತುತ್ತದೆ. ಎದುರಿಗೆ ಕಬ್ಬಿಣದ ಪೆಟ್ಟಿಗೆ ಇದೆ, ಅದರಾಚೆ ಇಬ್ಬರು ನಿಂತಿದ್ದಾರೆ ಅನ್ನಿ. ಈ ಎಡ ಟ್ರಿಗರ್ ಒತ್ತದೆ ಹೊಡೆದರೆ ಮ್ಯಾಗಜಿನ್ ಪೂರ್ತಿ ಪೆಟ್ಟಿಗೆಗೇ ಹೋಗುತ್ತದೆ. ಪೆಟ್ಟಿಗೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಟ್ರಿಗರ್ ಒತ್ತಿದರೆ ಗುಂಡು ಅದರ ಮೇಲಿಂದ ಹಾರುತ್ತದೆ, ಅವರ ಗುಂಡು ಮಾತ್ರ ಪೆಟ್ಟಿಗೆಗೆ ಬಡಿಯುತ್ತದೆ. ಹಾಗಂತ ಟ್ರಿಗರ್ ಹಿಡಿದೇ ಇರಬೇಡಿ. ಬಂದೂಕು ಎತ್ತಿದಾಗ ನಡಿಗೆ ನಿಧಾನ, ಕಾಲಬುಡಕ್ಕೆ ನುಗ್ಗುವ ಫೆರಲ್ ಎಂಬ ಕುಳ್ಳ ಶತ್ರುಗಳ ತಲೆ ಮೇಲಿಂದ ಗುಂಡು ಹಾಯ್ದು ಹೋಗುತ್ತದೆ. ಕುಳ್ಳರಿಗೆ ಇಳಿಸಿ, ಆಳೆತ್ತರದವರಿಗೆ ಎತ್ತಿ. ಇನ್ನೊಂದು ಮಾತು: ಹಲವು ಮರೆಗಳು ಗುಂಡೇಟಿಗೆ ಒಡೆದು ಹೋಗುತ್ತವೆ, ಒಂದೇ ಕಡೆ ಬೀಡುಬಿಡಬೇಡಿ.

ಗುಂಡು ಖಾಲಿಯಾಗುವ ಚಿಂತೆ ಇಲ್ಲ, ರೀಲೋಡ್ ಆಗುವ ಹೊತ್ತಿನದೇ ಅಪಾಯ. ಒಟ್ಟಿಗೆ ಎರಡು ಬಂದೂಕು ಇಟ್ಟುಕೊಳ್ಳಬಹುದು. ಪ್ರತಿಯೊಂದರ ವಿವರದಲ್ಲಿ ಯಾರ ಮೇಲೆ ಹೆಚ್ಚು ಪರಿಣಾಮಕಾರಿ ಅಂತ ಬರೆದಿರುತ್ತದೆ. ಒಂದು ಮನುಷ್ಯರಿಗೆ, ಒಂದು ರೋಬೋಗಳಿಗೆ ಇರಲಿ. ಎರಡೂ ಒಂದೇ ಜಾತಿಯದಾದರೆ ಲೋಹದ ದೈತ್ಯರ ಮುಂದೆ ಗುಂಡು ಸುರಿಸುತ್ತಲೇ ಇರಬೇಕಾಗುತ್ತದೆ.

ಬಹಳ ಜನ ಎಡವುವುದು ಬಂದೂಕು ಅಪ್‌ಗ್ರೇಡ್‌ನಲ್ಲಿ. ಬಂದೂಕು ಸುಧಾರಿಸಿಕೊಡುವ ಗನ್‌ಸ್ಮಿತ್ ಕೇಳುವ ಬಿಡಿಭಾಗಗಳು ಮೂರು ದರ್ಜೆಯವು: ಬೇಸಿಕ್, ಅಡ್ವಾನ್ಸ್ಡ್, ಸುಪೀರಿಯರ್. ಮೊದಲ ಮಟ್ಟಗಳಿಗೆ ಬೇಸಿಕ್ ಸಾಕು, ಅದು ಧಾರಾಳವಾಗಿ ಸಿಗುತ್ತದೆ. ಕೊನೆಯ ಮಟ್ಟಗಳಿಗೆ ಬೇಕಾದ ಸುಪೀರಿಯರ್ ಅಪರೂಪ. ಸಿಕ್ಕ ಸಿಕ್ಕ ಬಂದೂಕಿಗೆಲ್ಲ ಸುರಿದರೆ ಆಟದ ಕೊನೆಯ ಭಾಗದಲ್ಲಿ ಕೈ ಖಾಲಿ. ಬೇಸಿಕ್ ಹಾಕಿ ನಾಲ್ಕಾರು ಬಂದೂಕು ಪರೀಕ್ಷಿಸಿ, ಕೈಗೆ ಒಗ್ಗಿದ ಎರಡಕ್ಕೆ ಮಾತ್ರ ಮೇಲಿನ ದರ್ಜೆಯವನ್ನು ಕೊಡಿ. ಅಪ್‌ಗ್ರೇಡ್ ಆ ಮಾದರಿಗೇ ಸೇರುತ್ತದೆ, ಒಂದು ಪ್ರತಿಗಲ್ಲ. ಅದೇ ಬಂದೂಕು ಮತ್ತೆ ಸಿಕ್ಕರೆ ಕಣ್ಣುಮುಚ್ಚಿ ಮಾರಿಬಿಡಿ.

ಪಾತ್ರ ಬೆಳೆಸುವುದರಲ್ಲಿ ಅಷ್ಟು ಗೊಂದಲವಿಲ್ಲ. ಎಂಟು ಕೌಶಲಗಳು, ಅವುಗಳ ಮೇಲೆ ಫ್ರೇಮ್, ಸೈಬರ್ನೆಟಿಕ್ಸ್‌ನಂಥ ನಾಲ್ಕು ಗುಣಗಳು. ಆರಂಭದಲ್ಲಿ ವೈಟಲ್ ಸೈನ್ಸ್‌ಗೆ (Vital Signs), ಅಂದರೆ ಜೀವಕ್ಕೆ, ಅಂಕ ಹಾಕಿದವರು ಹೆಚ್ಚು ಹೊತ್ತು ಬದುಕುತ್ತಾರೆ. ಕ್ರಿಟಿಕಲ್, ಅಂದರೆ ಆಗಾಗ ಬೀಳುವ ಹೆಚ್ಚು ಬಲದ ಪೆಟ್ಟು, ಆಮೇಲೆ ನೋಡಿಕೊಳ್ಳಬಹುದು. ದೇಹಕ್ಕೆ ಕೂರಿಸುವ ಆಗ್ಮೆಂಟೇಶನ್‌ಗಳ ಬಲ ಯಾವುದಾದರೂ ಗುಣವನ್ನು ಅವಲಂಬಿಸಿರುತ್ತದೆ, ಆದ್ದರಿಂದ ಕೊಳ್ಳುವ ಮುಂಚೆ ಮೆನುವಿನಲ್ಲಿ ಯಾವುದು ಅಂತ ನೋಡಿ. ಅಂಕ ತಪ್ಪಾಗಿ ಹಂಚಿದ್ದರೂ ಕೊರಗಬೇಡಿ, ಆಗ್ಮೆಂಟೇಶನ್ ಕೂರಿಸಿಕೊಡುವ ಗ್ರಾಫ್ಟರ್‌ಗೆ ಹಣ ಕೊಟ್ಟರೆ ಎಲ್ಲ ವಾಪಸ್ ಸಿಗುತ್ತದೆ. ಗ್ರೆನೇಡ್‌ನಂಥ ಟ್ಯಾಕ್ಟಿಕಲ್ ಸಾಮಗ್ರಿ ನೀವು ಶತ್ರುಗಳಿಗೆ ಪೆಟ್ಟು ಕೊಟ್ಟಷ್ಟೂ ತುಂಬುತ್ತದೆ, ಕೂಡಿಡುವುದರಲ್ಲಿ ಅರ್ಥವಿಲ್ಲ.

ಶತ್ರುವಿನ ಪಕ್ಕ ತಲೆಬುರುಡೆ ಕಂಡರೆ ಅವನು ನಿಮಗಿಂತ ಬಹಳ ಮೇಲಿನ ಮಟ್ಟದವನು. ಆಟ ಆ ಬೀದಿಗೆ ಬೇಲಿ ಹಾಕುವುದಿಲ್ಲ (ಇದು ವಿನ್ಯಾಸದ ಸೋಮಾರಿತನ ಅಂತಲೇ ಹೇಳಬೇಕು). ಜಿದ್ದಿಗೆ ಬೀಳದೆ ಹಿಂದಿರುಗಿ, ಮುಖ್ಯ ಕಥೆಗೆ ಹೊರತಾದ ಸೈಡ್ ಮಿಷನ್‌ಗಳನ್ನು ಮುಗಿಸಿ, ಮಟ್ಟ ಏರಿಸಿಕೊಂಡು ಬನ್ನಿ.

ಪಿಸಿಯಲ್ಲಿ ಆಡುವಾಗ ಹೊಸ ಜಾಗಕ್ಕೆ ಕಾಲಿಟ್ಟಾಗಲೆಲ್ಲ ಚಿತ್ರ ಗಕ್ಕನೆ ನಿಂತು ಓಡಿದರೆ ಗ್ರಾಫಿಕ್ಸ್ ನಡೆಸುವ ಡೈರೆಕ್ಟ್‌ಎಕ್ಸ್ 12 ಬಿಟ್ಟು 11ರಲ್ಲಿ ಆಡಿ ನೋಡಿ. ಬೆಳಕು, ಪ್ರತಿಬಿಂಬ ನೈಜವಾಗಿ ತೋರಿಸುವ ರೇ ಟ್ರೇಸಿಂಗ್ ಹೋಗುತ್ತದೆ ನಿಜ, ಆದರೆ ಈ ಆಟದಲ್ಲಿ ಅರೆಕ್ಷಣ ತಡೆದರೂ ಜೀವ ಹೋಗುತ್ತದೆ.