ಮೇ ಕೊನೆಗೆ ಕೆರೆ ದಂಡೆಯ ಮನೆ: ಕಲಘಟಗಿ ಕಡೆ ಹೋಗುವವರಿಗೆ

ಹುಬ್ಬಳ್ಳಿ-ಧಾರವಾಡದ ಹತ್ತಿರ ಕೆರೆ ಪಕ್ಕದ ತೋಟದ ಮನೆಯಲ್ಲಿ ಎರಡು ದಿನ ಸುಮ್ನೆ ಇದ್ದು ಬರಬೇಕು ಅಂದರೆ ಎಲ್ಲರೂ ಆಗಸ್ಟ್ ಅಂತಾರೆ. ಹಸಿರು ಇರುತ್ತೆ, ಕೆರೆ ತುಂಬಿರುತ್ತೆ, ಫೋಟೋ ಚೆನ್ನಾಗಿ ಬರುತ್ತೆ. ನಿಜ, ಆದರೆ ಆಗ ಜನವೂ ತುಂಬಿರುತ್ತಾರೆ. ನನ್ನ ಮಾತು ಕೇಳುವುದಾದರೆ ಬೇಸಿಗೆಯ ಬಾಲ ಹಿಡಿಯಿರಿ. ಮೇ ಕೊನೆಯ ವಾರಾಂತ್ಯ, ಇಲ್ಲವೇ ಜೂನ್ ಮೊದಲನೆಯದು. ಕೃತ್ತಿಕಾ ಮಳೆ ಮುಗಿದು ರೋಹಿಣಿ ಶುರುವಾಗುವ ಹೊತ್ತು. ಶಾಲೆ ತೆರೆಯುವ ಗಡಿಬಿಡಿಯಲ್ಲಿ ಮಕ್ಕಳಿದ್ದವರೆಲ್ಲ ಊರಿಗೆ ವಾಪಸ್ ಬಂದಿರುತ್ತಾರೆ. ತೋಟದ ಮನೆಗಳು ಖಾಲಿ. ಒಂದೆರಡು ಅಡ್ಡಮಳೆ ಬಿದ್ದಿದ್ದರೆ ರಾತ್ರಿ ಫ್ಯಾನ್ ಕೂಡ ಬೇಕಾಗಲ್ಲ.

ನಾವು ಹೋಗುವುದು ಕಲಘಟಗಿ ಕಡೆ. ಹುಬ್ಬಳ್ಳಿಯಿಂದ ಅಂಕೋಲಾ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್. ಧಾರವಾಡದವರಿಗೂ ಹೆಚ್ಚುಕಮ್ಮಿ ಅಷ್ಟೇ ದೂರ. ಈ ಭಾಗದಲ್ಲಿ ಊರಿಗೊಂದು ಕೆರೆ ಇದೆ, ಕೆಲವು ಊರಿಗೆ ಎರಡು. ನವಲಗುಂದದ ಕಡೆಯ ಹಾಗೆ ಬರೀ ಎರೆ ಭೂಮಿಯಲ್ಲ. ಕೆಂಪನೆಯ ಮಸಾರಿ ಮಣ್ಣು, ಭತ್ತದ ಗದ್ದೆ, ನಡುನಡುವೆ ಸಾಗವಾನಿ ಕಾಡು. ನೀರು ಹರಿಯುವ ದಿಕ್ಕೇ ಇಲ್ಲಿ ಬೇರೆ. ಹುಬ್ಬಳ್ಳಿಯ ಪೂರ್ವಕ್ಕಿರುವ ಬೆಣ್ಣೆಹಳ್ಳದ ನೀರು ಮಲಪ್ರಭೆ, ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಕಲಘಟಗಿಯ ನೀರು ಬೇಡ್ತಿ ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರ ಮುಟ್ಟುತ್ತದೆ. ಅರ್ಧ ಗಂಟೆಯ ಬಸ್ ಪ್ರಯಾಣದಲ್ಲಿ ಒಂದು ಕಡಲು ಬಿಟ್ಟು ಇನ್ನೊಂದರ ಸೀಮೆಗೆ ಬಂದಿರುತ್ತೀರಿ.

ಈಗ ಮುಖ್ಯ ವಿಷಯ. ಮನೆ ಆರಿಸುವಾಗ ಮೊಬೈಲ್‌ಗೆ ಬಂದ ಫೋಟೋ ನಂಬಬೇಡಿ. ಅವೆಲ್ಲ ಅಕ್ಟೋಬರ್‌ನಲ್ಲಿ ತೆಗೆದವು. ಜಗಲಿಯ ಮೆಟ್ಟಿಲಿಗೇ ನೀರು ಬಂದಿರುವಂತೆ ಕಾಣುತ್ತೆ. ಮೇ ತಿಂಗಳಲ್ಲಿ ಅದೇ ಜಗಲಿಯ ಮುಂದೆ ಬಿರುಕು ಬಿಟ್ಟ ಮಣ್ಣು, ಮೇಯುವ ಎಮ್ಮೆ, ನೀರು ಎಲ್ಲೋ ದೂರದಲ್ಲಿ. ಕೆರೆ ಬತ್ತುತ್ತಾ ಬಂದ ಹಾಗೆ ಉಳಿದ ನೀರು ಏರಿಯ, ಅಂದರೆ ಕೆರೆಗೆ ಕಟ್ಟಿದ ಒಡ್ಡಿನ, ಕಡೆಗೆ ಸರಿಯುತ್ತದೆ, ಯಾಕೆಂದರೆ ಆಳ ಇರುವುದೇ ಅಲ್ಲಿ. ಆದ್ದರಿಂದ ಫೋನ್ ಮಾಡಿದಾಗ ಒಂದೇ ಪ್ರಶ್ನೆ ಕೇಳಿ: ಮನೆ ಏರಿಯ ಹತ್ತಿರ ಇದೆಯಾ, ಕೆರೆಯ ಬಾಲದ ಕಡೆಗಾ? ಏರಿ ಅಥವಾ ತೂಬಿನ ಹತ್ತಿರ ಅಂದರೆ ಹೋಗಿ. ಉತ್ತರ ತಡವರಿಸಿದರೆ ಬೇರೆ ಮನೆ ನೋಡಿ.

ಹಿಂದಿನ ವರ್ಷದ ಮಳೆಯನ್ನೂ ವಿಚಾರಿಸಬೇಕು. ಧುಮ್ಮವಾಡದ ಹತ್ತಿರ ನೀರಸಾಗರ ಇದೆಯಲ್ಲ, 1955ರಲ್ಲಿ ಬೇಡ್ತಿ ಹಳ್ಳಕ್ಕೆ ಕಟ್ಟಿದ್ದು, ಹುಬ್ಬಳ್ಳಿಯ ನಲ್ಲಿಗಳಿಗೆ ನೀರು ಕೊಟ್ಟ ಕೆರೆ. ಅಂಥದ್ದೇ 2017ರ ಬರದಲ್ಲಿ ಒಣಗಿ ಹೋಗಿತ್ತು. ಊರ ಕೆರೆಯ ಪಾಡು ಕೇಳುವುದೇ ಬೇಡ. ಮಳೆ ಕೈಕೊಟ್ಟ ವರ್ಷದ ಮುಂದಿನ ಬೇಸಿಗೆಯಲ್ಲಿ ಈ ಪ್ರವಾಸ ಬಿಟ್ಟುಬಿಡಿ.

ನೀರು ಕಡಿಮೆ ಇದ್ದರೆ ನೋಡಲು ಏನಿದೆ ಅಂತ ಕೇಳಬಹುದು. ನನಗೆ ಆಗಲೇ ಕೆರೆ ಇಷ್ಟ. ತುಂಬಿದ ಕೆರೆಯನ್ನು ದಂಡೆಯಲ್ಲಿ ನಿಂತು ನೋಡಬಹುದು ಅಷ್ಟೇ. ಬತ್ತಿದ ಕೆರೆಯೊಳಗೆ ನಡೆಯಬಹುದು. ಬೆಳಿಗ್ಗೆ ಆರಕ್ಕೆ ಎದ್ದು ಒಣಗಿದ ಅಂಗಳದಲ್ಲಿ ಹೊರಟರೆ ಟಿಟ್ಟಿಭ ಹಕ್ಕಿಗಳು ತಲೆ ಮೇಲೆ ಕಿರುಚುತ್ತಾ ಬರುತ್ತವೆ. ಹಾಗೆ ಬಂದರೆ ನಿಂತುಬಿಡಿ, ಕಾಲ ಬುಡ ನೋಡಿ. ಗೂಡು ಅಂತ ಏನೂ ಇರಲ್ಲ. ನೆಲದಲ್ಲೇ ಒಂದು ಸಣ್ಣ ತಗ್ಗು, ಸುತ್ತ ನಾಲ್ಕು ಹರಳು, ಮಧ್ಯೆ ಮೊಟ್ಟೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಚುಕ್ಕೆ. ಚೂಪಾದ ತುದಿಗಳು ಒಳಮುಖವಾಗಿ ಸೇರಿರುತ್ತವೆ. ಒಂದು ಹೆಜ್ಜೆ ಆಚೆ ಇಟ್ಟು ಮತ್ತೆ ನೋಡಿದರೆ ಕಣ್ಣಿಗೆ ಸಿಗಲ್ಲ. ಹತ್ತಿರ ಕೂತು ಫೋಟೋ ತೆಗೆಯುತ್ತಾ ಇರಬೇಡಿ. ಬಿಸಿಲು ಏರಿದ ಮೇಲೆ ತಾಯಿ ಹಕ್ಕಿ ನೆರಳು ಕೊಡದಿದ್ದರೆ ಮೊಟ್ಟೆ ಬೆಂದು ಹೋಗುತ್ತವೆ.

ಬೆಳ್ಳಕ್ಕಿ, ಮಿಂಚುಳ್ಳಿ, ನೀರುಕಾಗೆ ಇರುತ್ತವೆ. ಸಾವಿರಗಟ್ಟಲೆ ಹಕ್ಕಿ ನೋಡಬೇಕು ಅನ್ನುವವರಿಗೆ ಮಾತ್ರ ಇದು ಕಾಲವಲ್ಲ. ಅವರು ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಲಿ. ಪಟ್ಟೆತಲೆ ಹೆಬ್ಬಾತು ಬರುವ ಕೆರೆ ಅದು, 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಕೆರೆಯೊಳಗೆ ನಡೆಯಬಹುದು ಅಂದೆ, ನೀರಿಗೆ ಇಳಿಯಬಹುದು ಅನ್ನಲಿಲ್ಲ. ಬೇಸಿಗೆಯಲ್ಲಿ ಹೂಳು ತೆಗೆಯುವ ಕೆಲಸ ನಡೆಯುತ್ತೆ. ಜೆಸಿಬಿ ತೋಡುತ್ತೆ, ರೈತರು ಟ್ರ್ಯಾಕ್ಟರ್‌ನಲ್ಲಿ ಹೊಲಕ್ಕೆ ಹೊಡೆಯುತ್ತಾರೆ. ಆಮೇಲೆ ಆ ತಗ್ಗುಗಳಿಗೆ ನೀರು ನಿಲ್ಲುತ್ತೆ. ನಾವು ಇಳಿದುಕೊಂಡ ಮನೆ ನೋಡಿಕೊಳ್ಳುವ ಅಜ್ಜ ಮೊದಲ ಸಂಜೆಯೇ ಹೇಳಿದ್ದು ಇದನ್ನೇ: "ಆ ಕಡೆ ಹೋಗಬ್ಯಾಡ್ರಿ ಸರ. ಮ್ಯಾಲ ಮಣಕಾಲಮಟ ಕಾಣ್ತೈತಿ, ಕಾಲಿಟ್ರ ಎರಡಾಳು ಐತಿ." ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ಮಾತು ನೆನಪಿಡಿ. ಈಜು ಬರುತ್ತೆ ಅನ್ನುವ ದೊಡ್ಡವರೂ ಅಷ್ಟೇ. ತಳದಲ್ಲಿ ರಾಡಿ, ಕಾಲು ಹೂತರೆ ಈಜು ಉಪಯೋಗಕ್ಕೆ ಬರಲ್ಲ.

ಗಾಳ ಹಾಕುವ ಆಸೆ ಇದ್ದರೂ ಮೊದಲು ಕೇಳಿ. ಊರ ಕೆರೆಯ ಮೀನು ಸಾಮಾನ್ಯವಾಗಿ ಯಾರದೋ ಗುತ್ತಿಗೆಯಲ್ಲಿರುತ್ತೆ. ಗುತ್ತಿಗೆದಾರರ ಹತ್ತಿರವೇ ಒಂದು ಕಾಟ್ಲಾ ಕೊಂಡರೆ ಜಗಳವೂ ಇಲ್ಲ, ಸಂಜೆಯ ಊಟವೂ ಆಯಿತು.

ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಏನೂ ಮಾಡಲಾಗದು, ಬಿಸಿಲು ಹಾಗಿರುತ್ತೆ. ಹಂಚಿನ ಮನೆಯಾದರೆ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿ. ತಗಡಿನ ಮನೆಯಾದರೆ ಮರದ ಕೆಳಗೆ ಹೋಗಿ ಮಲಗಬೇಕಾಗುತ್ತೆ, ಅದಕ್ಕೇ ಚಾವಣಿ ಯಾವುದು ಅಂತಲೂ ಮುಂಚೆ ಕೇಳಿಕೊಳ್ಳಿ. ನಾಲ್ಕೂವರೆ ಹೊತ್ತಿಗೆ ಪಡುವಣ ಗಾಳಿ ಶುರುವಾಗುತ್ತೆ. ನೀರಿನ ಮೇಲಿಂದ ಬರುವ ಗಾಳಿ ಸಿಗಬೇಕಾದರೆ ಮನೆ ಕೆರೆಯ ಪೂರ್ವಕ್ಕಿರಬೇಕು. ಎಲ್ಲವೂ ಕೂಡಿ ಬರಲ್ಲ, ಏರಿಯ ಹತ್ತಿರ ಇರುವುದೇ ಮುಖ್ಯ.

ಮಳೆ ಬರುವುದೂ ಆ ಹೊತ್ತಿಗೇ. ಈ ಕಾಲದ ಮಳೆಯಲ್ಲಿ ನೀರಿಗಿಂತ ಗುಡುಗು, ಸಿಡಿಲು ಜಾಸ್ತಿ. ಬಯಲಾದ ಕೆರೆ ಅಂಗಳದಲ್ಲಿ ನೀವೊಬ್ಬರೇ ನಿಂತಿದ್ದರೆ ಅಪಾಯ, ಓಡಿ ಒಂಟಿ ಮರದ ಕೆಳಗೆ ನಿಂತರೆ ಇನ್ನೂ ಅಪಾಯ. ಮೊದಲ ಗುಡುಗು ಕೇಳಿದ ಕೂಡಲೇ ಮನೆ ಸೇರಿ. ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ ಆ್ಯಪ್ ಹಾಕಿಕೊಂಡು ಹೋಗಿ. ಮಳೆ ಆದ ಮೇಲೆ ಕರೆಂಟು ಹೋಗೇ ಹೋಗುತ್ತೆ, ಕೆಲವು ಸಲ ರಾತ್ರಿಯೆಲ್ಲ. ಬ್ಯಾಟರಿ, ಪವರ್ ಬ್ಯಾಂಕ್ ಇರಲಿ. ಕರೆಂಟು ಇದ್ದರೂ ಜಗಲಿಯ ದೀಪ ಹಚ್ಚಬೇಡಿ. ರೆಕ್ಕೆ ಬಂದ ಗೆದ್ದಲು ಹುಳಗಳು ಮುತ್ತಿ, ಬೆಳಿಗ್ಗೆ ಹೊಸ್ತಿಲ ತುಂಬ ರೆಕ್ಕೆ ಬಿದ್ದಿರುತ್ತವೆ. ಚೇಳು, ಹಾವು ಹೊರಗೆ ಬರುವ ಸಮಯವೂ ಹೌದು, ಚಪ್ಪಲಿ ಜಾಡಿಸಿ ಹಾಕಿಕೊಳ್ಳಿ.

ಕಾರು ಡಾಂಬರು ರಸ್ತೆಯಲ್ಲೇ ನಿಲ್ಲಿಸಿ. ಏರಿ ಮೇಲಿನ ಹಾದಿ ಒಣಗಿದ್ದಾಗ ಚೆನ್ನಾಗಿರುತ್ತೆ, ಒಂದು ಮಳೆಗೆ ಜಾರುಬಂಡೆ. ಟ್ರ್ಯಾಕ್ಟರ್ ಕರೆಸಿ ಎಳೆಸಬೇಕಾದೀತು, ಬಿತ್ತನೆಯ ಹೊತ್ತಿನಲ್ಲಿ ಟ್ರ್ಯಾಕ್ಟರ್ ಸಿಗುವುದು ಕಷ್ಟ. ಒಳ್ಳೆ ಮಳೆ ಬಿದ್ದಿದ್ದರೆ ಅಕ್ಕಪಕ್ಕದ ಗದ್ದೆಗಳಲ್ಲಿ ಕೂರಿಗೆಯಿಂದ ಭತ್ತ ಬಿತ್ತುವುದನ್ನು ನೋಡಬಹುದು. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಅನ್ನುತ್ತಾರಲ್ಲ, ಜನರ ಮುಖದಲ್ಲಿ ಆ ಗೆಲುವು ಕಾಣುತ್ತೆ. ಯಾರಿಗೂ ಮಾತಾಡಲು ಪುರುಸೊತ್ತು ಇರಲ್ಲ, ಅದೂ ಒಳ್ಳೆಯದೇ.

ಊಟದ ಬಗ್ಗೆ ಹೆಚ್ಚು ಚಿಂತೆ ಬೇಡ. ಮನೆ ನೋಡಿಕೊಳ್ಳುವವರಿಗೆ ಹಿಂದಿನ ದಿನವೇ ಹೇಳಿದರೆ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ ಆಗುತ್ತೆ. ತರಕಾರಿ, ಹಾಲು ಹುಬ್ಬಳ್ಳಿಯಲ್ಲೇ ಕೊಳ್ಳಿ. ಆಪೂಸು ಮಾತ್ರ ದಾರಿಯಲ್ಲಿ ಕೊಳ್ಳಿ. ಮಳೆ ಹಿಡಿಯುವ ಮುಂಚೆ ಸಿಗುವ ಕೊನೆಯ ಹಣ್ಣುಗಳು ಸೀಕರಣೆಗೆ ಬಹಳ ಚೆನ್ನ. ಕವಳಿ ಹಣ್ಣು ಮಾರುವವರು ಕಂಡರೆ ಗಾಡಿ ನಿಲ್ಲಿಸಿ, ಮಳೆ ಬಿದ್ದ ಮೇಲೆ ರುಚಿ ಹೋಗುತ್ತೆ.

ಬಸ್ಸಿನಲ್ಲಿ ಹೋಗುವವರಿಗೆ ಕಷ್ಟವಿಲ್ಲ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ಬಸ್ಸು ಬೇಕಾದಷ್ಟು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಹೆಂಗಸರಿಗೆ ಟಿಕೆಟ್ ಇಲ್ಲ, ಆಧಾರ್ ಕಾರ್ಡ್ ಜೊತೆಗಿರಲಿ. ಕಲಘಟಗಿಯಿಂದ ಹಳ್ಳಿಗೆ ಆಟೋ ಹಿಡಿಯಿರಿ, ದರ ಮೊದಲೇ ಮಾತಾಡಿಕೊಳ್ಳಿ. ವಾಪಸ್ ಬರಲು ಭಾನುವಾರ ಸಂಜೆ ಮಾತ್ರ ಬೇಡ. ತಂಬೂರು ಬಸವಣ್ಣನ ಗುಡಿಗೆ ಹೋದವರು, ಮದುವೆಗೆ ಹೋದವರು ಎಲ್ಲರೂ ಅದೇ ಬಸ್ಸಿಗೆ ಹತ್ತುತ್ತಾರೆ, ಕಾರಿನಲ್ಲಿದ್ದರೆ ಘಟ್ಟದಿಂದ ಬರುವ ಲಾರಿಗಳ ಸಾಲು. ಭಾನುವಾರವೂ ಅಲ್ಲೇ ಮಲಗಿ, ಸೋಮವಾರ ಬೆಳಗಿನ ಮೊದಲ ಬಸ್ಸು ಹಿಡಿಯಿರಿ. ಆಫೀಸಿಗೆ ಹತ್ತಕ್ಕೆ ಮುಂಚೆ ಆರಾಮಾಗಿ ತಲುಪುತ್ತೀರಿ.